ಸುವರ್ಣ ನಿಯಮ: ಕ್ರೈಸ್ತ ದೃಷ್ಟಿಯಲ್ಲಿ ಒಂದು ಚಿಂತನೆ

ಧರ್ಮದ ಸಾರಸರ್ವಸ್ವವನ್ನು ಒಂದೇ ಮಾತಿನಲ್ಲಿ ಕೇಳಿ ತಿಳಿಯಬೇಕೆಂಬ ಹಂಬಲ ಮಾನವನಿಗೆ ಇಂದು ನಿನ್ನೆಯದಲ್ಲ. ಯೆಹೂದ್ಯರ ತಾಲ್ಮೂದ್ ಗ್ರಂಥದಲ್ಲಿ ಈ ಹಂಬಲವನ್ನು ಕುರಿತ ಒಂದು ಪ್ರಸಂಗವಿದೆ. ಅನ್ಯಧರ್ಮೀಯನೊಬ್ಬನು ಶಮ್ಮಾಯಿ ಎಂಬ ಪಂಡಿತನ ಬಳಿಗೆ ಹೋಗಿ, ತಾನು ಒಂಟಿಕಾಲಿನ ಮೇಲೆ ನಿಂತಿರುವಷ್ಟು ಹೊತ್ತಿನೊಳಗೆ ಧರ್ಮಶಾಸ್ತ್ರವನ್ನೆಲ್ಲ ಬೋಧಿಸಿದರೆ ಆ ಧರ್ಮವನ್ನು ಸ್ವೀಕರಿಸುವುದಾಗಿ ಹೇಳಿದನು. ಶಮ್ಮಾಯಿ ಸಿಟ್ಟಿಗೆದ್ದು ಕೈಯಲ್ಲಿದ್ದ ಅಳತೆಗೋಲಿನಿಂದ ಅವನನ್ನು ಅಟ್ಟಿಬಿಟ್ಟನು. ಆತನು ಅದೇ ಪ್ರಶ್ನೆಯನ್ನು ಹೊತ್ತು ಹಿಲ್ಲೇಲ್ ಎಂಬ ಇನ್ನೊಬ್ಬ ಗುರುವಿನ ಬಳಿಗೆ ಬಂದನು. ಹಿಲ್ಲೇಲನಾದರೋ ಶಾಂತಚಿತ್ತನಾಗಿ, ತನಗೆ ಅಹಿತವೆನಿಸಿದುದನ್ನು ನೆರೆಯವನಿಗೆ ಮಾಡದಿರುವುದೇ ಶಾಸ್ತ್ರದ ತಿರುಳೆಂದೂ, ಮಿಕ್ಕುದೆಲ್ಲ ಅದರ ವ್ಯಾಖ್ಯಾನವೆಂದೂ, ಹೋಗಿ ಅದನ್ನು ಅಭ್ಯಸಿಸಬೇಕೆಂದೂ ತಿಳಿಸಿ ಕಳುಹಿದನು.

ಹಿಲ್ಲೇಲನ ತರುವಾಯದ ತಲೆಮಾರಿನಲ್ಲಿ ಬಂದ ಏಸುಕ್ರಿಸ್ತರು ಈ ತತ್ತ್ವವನ್ನೇ ವಿಧಿರೂಪದಲ್ಲಿ ಅಪ್ಪಣೆ ಕೊಡಿಸಿದರು. ಇತರರಿಂದ ನಾವು ಯಾವ ಬಗೆಯ ನಡತೆಯನ್ನು ಬಯಸುತ್ತೇವೆಯೋ ಅದೇ ಬಗೆಯ ನಡತೆಯನ್ನು ನಾವೇ ಅವರಲ್ಲಿ ತೋರಬೇಕೆಂಬುದು ಆ ಅಪ್ಪಣೆಯ ತಾತ್ಪರ್ಯ. ಮತ್ತಾಯನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿಯೂ ಲೂಕನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿಯೂ ಇದು ಬಂದಿದೆ. ಮುಂದೆ ಇಂಗ್ಲೆಂಡಿನ ಧರ್ಮಬೋಧಕರು ಇದಕ್ಕೆ ಸುವರ್ಣ ನಿಯಮವೆಂದು ಹೆಸರಿಟ್ಟರು. ಇಂತಹ ನುಡಿ ಕ್ರೈಸ್ತರ ಸೊತ್ತು ಮಾತ್ರವಲ್ಲ. ಚೀನಾ ದೇಶದ ಕನ್ಫ್ಯೂಷಿಯಸನೂ ಇದನ್ನು ಹೇಳಿದನು. ನಮ್ಮ ಮಹಾಭಾರತವೂ ಇದನ್ನು ಹೇಳಿತು. ಸರ್ವಜ್ಞನೂ ತನ್ನ ತ್ರಿಪದಿಯಲ್ಲಿ ಇದನ್ನು ಹಾಡಿದನು. ಹಳ್ಳಿಯ ಮುದುಕಿಯೂ ಜಗಳವಾಡುವ ಮೊಮ್ಮಕ್ಕಳಿಗೆ ಇದನ್ನೇ ಹೇಳುತ್ತಾಳೆ. ಹೀಗೆ ಸರ್ವರೂ ಬಲ್ಲ, ಸರ್ವರೂ ಒಪ್ಪಿದ ನಿಯಮವು ಬಾಳಿನಲ್ಲಿ ಮಾತ್ರ ಏಕೆ ಇಷ್ಟು ಅಪರೂಪವಾಗಿದೆ? ಈ ಪ್ರಶ್ನೆಯನ್ನು ಕ್ರೈಸ್ತಧರ್ಮದ ಬೋಧನೆ ಮತ್ತು ಇತಿಹಾಸಗಳ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ನಿಷೇಧರೂಪಕ್ಕೂ ವಿಧಿರೂಪಕ್ಕೂ ಇರುವ ಅಂತರವನ್ನು ಗಮನಿಸಬೇಕು. ಪರರಿಗೆ ಕೇಡು ಮಾಡಬಾರದೆಂಬ ನಿಯಮವನ್ನು ಬಾಗಿಲು ಮುಚ್ಚಿಕೊಂಡು ಮನೆಯೊಳಗೆ ಕುಳಿತವನೂ ಪಾಲಿಸಬಲ್ಲನು. ಅವನು ಕದಿಯಲಿಲ್ಲ, ಕೊಲ್ಲಲಿಲ್ಲ, ಯಾರನ್ನೂ ಬಯ್ಯಲಿಲ್ಲ. ಬೀದಿಯಲ್ಲಿ ಬಿದ್ದವನನ್ನು ಎತ್ತಲೂ ಇಲ್ಲ. ನಿಷೇಧದ ದೃಷ್ಟಿಯಿಂದ ಅವನು ನಿರ್ದೋಷಿ. ವಿಧಿಯ ದೃಷ್ಟಿಯಿಂದ ಅವನು ಇನ್ನೂ ಧರ್ಮಕಾರ್ಯವನ್ನು ಆರಂಭಿಸಿಯೇ ಇಲ್ಲ. ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಅಂತಿಮ ನ್ಯಾಯತೀರ್ಪಿನ ವರ್ಣನೆಯಿದೆ. ಅಲ್ಲಿ ದಂಡನೆಗೆ ಗುರಿಯಾದವರ ಮೇಲೆ ಹೊರಿಸಿದ ಅಪರಾಧಗಳಲ್ಲಿ ಕೊಲೆಯಿಲ್ಲ, ಸುಲಿಗೆಯಿಲ್ಲ. ಹಸಿದವನಿಗೆ ಉಣಬಡಿಸಲಿಲ್ಲ, ಬಾಯಾರಿದವನಿಗೆ ನೀರು ಕೊಡಲಿಲ್ಲ, ಪರದೇಶಿಯನ್ನು ಮನೆಗೆ ಕರೆಯಲಿಲ್ಲ, ಸೆರೆಯಲ್ಲಿದ್ದವನನ್ನು ಹೋಗಿ ನೋಡಲಿಲ್ಲ ಎಂಬುವೇ ಅವರ ಅಪರಾಧಗಳು. ಮಾಡಿದ ಪಾಪಕ್ಕಿಂತ ಮಾಡದೆ ಬಿಟ್ಟ ಪುಣ್ಯವೇ ಅಲ್ಲಿ ತಕ್ಕಡಿಯಲ್ಲಿ ತೂಗುತ್ತದೆ.

ಎರಡನೆಯದಾಗಿ, ಈ ನಿಯಮವನ್ನು ಕೊಡುಕೊಳ್ಳುವ ಲೆಕ್ಕವೆಂದು ತಪ್ಪು ತಿಳಿಯುವವರುಂಟು. ನಮ್ಮ ಕಡೆ ಮದುವೆಗಳಲ್ಲಿ ಮುಯ್ಯಿ ಮಾಡುವ ಪದ್ಧತಿ ಎಲ್ಲರಿಗೂ ಗೊತ್ತು. ಯಾರು ಎಷ್ಟು ಮುಯ್ಯಿ ಓದಿಸಿದರೆಂಬುದನ್ನು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಶುಭಕಾರ್ಯದಲ್ಲಿ ಅಷ್ಟನ್ನೇ ಹಿಂದಿರುಗಿಸುತ್ತಾರೆ. ಇದು ಸಮಾಜದ ಬಾಳುವೆಗೆ ಬೇಕಾದ ಒಳ್ಳೆಯ ರೂಢಿಯೇ ಹೌದು. ಆದರೆ ಕ್ರಿಸ್ತರು ಹೇಳಿದುದು ಮುಯ್ಯಿಯಲ್ಲ. ಲೂಕನ ಸುವಾರ್ತೆಯಲ್ಲಿ ಈ ನಿಯಮದ ಹಿಂದೆಮುಂದೆ ಬರುವ ಮಾತುಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಪ್ರೀತಿಸುವವರನ್ನು ಪ್ರೀತಿಸುವುದರಲ್ಲಿ ಯಾವ ಹೆಚ್ಚುಗಾರಿಕೆಯೂ ಇಲ್ಲವೆಂದೂ, ಹಿಂದಿರುಗಿ ಬರುವುದೆಂಬ ಭರವಸೆಯಿಂದ ಸಾಲ ಕೊಡುವುದನ್ನು ಪಾಪಿಗಳೂ ಮಾಡುತ್ತಾರೆಂದೂ, ವೈರಿಗೂ ಹಿತವನ್ನೇ ಮಾಡಬೇಕೆಂದೂ ಅಲ್ಲಿ ಬೋಧಿಸಲಾಗಿದೆ. ಅವರು ಮಾಡಿದಂತೆ ನಾನು ಮಾಡುವೆನೆಂಬುದು ಮುಯ್ಯಿಯ ನ್ಯಾಯ. ಅವರು ಮಾಡಲಿ ಬಿಡಲಿ, ಬಯಸಿದುದನ್ನು ಮೊದಲು ನಾನೇ ಮಾಡುವೆನೆಂಬುದು ಸುವರ್ಣ ನಿಯಮ. ಇಲ್ಲಿ ಪುಸ್ತಕವೂ ಇಲ್ಲ, ಬಾಕಿಯೂ ಇಲ್ಲ.

ಈ ನಿಯಮಕ್ಕೆ ವಿಚಾರವಂತರು ಎತ್ತಿದ ಆಕ್ಷೇಪಣೆಗಳನ್ನೂ ಮರೆಮಾಚಲಾಗದು. ಜರ್ಮನ್ ದಾರ್ಶನಿಕ ಇಮ್ಯಾನುಯೆಲ್ ಕಾಂಟನು 1785ರಲ್ಲಿ ಪ್ರಕಟಿಸಿದ ನೀತಿಶಾಸ್ತ್ರದ ಗ್ರಂಥದ ಒಂದು ಅಡಿಟಿಪ್ಪಣಿಯಲ್ಲಿ ನಿಷೇಧರೂಪದ ನಿಯಮವನ್ನು ಟೀಕಿಸಿದನು. ಅದನ್ನೇ ಪರಮಪ್ರಮಾಣವೆಂದು ಹಿಡಿದರೆ, ಅಪರಾಧಿಯು ನ್ಯಾಯಾಧೀಶನ ಮುಂದೆ ನಿಂತು, ನೀವು ನನ್ನ ಸ್ಥಾನದಲ್ಲಿದ್ದರೆ ಶಿಕ್ಷೆಯನ್ನು ಬಯಸುತ್ತಿದ್ದಿರಾ ಎಂದು ವಾದಿಸಬಹುದಲ್ಲವೆ? ಅಲ್ಲದೆ, ತನಗೆ ಯಾರೂ ನೆರವಾಗುವುದು ಬೇಡ, ತಾನೂ ಯಾರಿಗೂ ನೆರವಾಗುವುದಿಲ್ಲವೆಂದು ಒಬ್ಬನು ಸಂತೋಷದಿಂದಲೇ ಒಪ್ಪಂದ ಮಾಡಿಕೊಳ್ಳಬಹುದು. ಬರ್ನಾರ್ಡ್ ಷಾ 1903ರಲ್ಲಿ ಪ್ರಕಟವಾದ ತಮ್ಮ ನಾಟಕವೊಂದರ ಅನುಬಂಧದಲ್ಲಿ, ಮನುಷ್ಯರ ರುಚಿಗಳು ಬೇರೆಬೇರೆಯಾಗಿರುವಾಗ ನಮ್ಮ ರುಚಿಯನ್ನು ಇತರರ ಮೇಲೆ ಹೇರುವುದು ಸರಿಯಲ್ಲವೆಂಬ ಭಾವದ ಚಾಟೂಕ್ತಿಯೊಂದನ್ನು ಬರೆದರು. ತನಗೆ ಖಾರ ಪ್ರಿಯವೆಂದು ಹುಣ್ಣಿನ ಬಾಯಿಯ ಅತಿಥಿಗೆ ಖಾರದ ಚಟ್ನಿಯನ್ನೇ ಬಡಿಸುವುದು ಸತ್ಕಾರವಾದೀತೆ?

ಈ ಆಕ್ಷೇಪಣೆಗಳಿಗೆ ಸಮಾಧಾನ ನಿಯಮದೊಳಗೇ ಇದೆ. ನಾವು ಇತರರಿಂದ ನಿಜವಾಗಿ ಬಯಸುವುದು ಅವರ ರುಚಿಯ ತಿನಿಸನ್ನಲ್ಲ; ನಮ್ಮ ರುಚಿಯನ್ನೂ ನಮ್ಮ ನೋವನ್ನೂ ಅವರು ಅರಿತು ನಡೆಯಲೆಂದೇ ನಾವು ಬಯಸುತ್ತೇವೆ. ಆದುದರಿಂದ ನಾವು ಅವರಿಗೆ ಸಲ್ಲಿಸಬೇಕಾದುದು ಆ ಅರಿವನ್ನೇ ಹೊರತು ನಮ್ಮ ಚಟ್ನಿಯನ್ನಲ್ಲ. ನ್ಯಾಯಾಧೀಶನು ಅಪರಾಧಿಯ ಸ್ಥಾನದಲ್ಲಿ ನಿಲ್ಲುವಂತೆಯೇ ಅವನಿಂದ ಪೆಟ್ಟು ತಿಂದವನ ಸ್ಥಾನದಲ್ಲಿಯೂ ನಿಲ್ಲಬೇಕು. ಎರಡೂ ಕಡೆ ನಿಂತು ನೋಡಿದವನು ಶಿಕ್ಷೆಯನ್ನು ಬಿಡುವುದಿಲ್ಲ, ಕ್ರೌರ್ಯವನ್ನು ಬಿಡುತ್ತಾನೆ. ಕ್ರೈಸ್ತ ಆಚಾರ್ಯರಲ್ಲಿ ಅಗ್ರಗಣ್ಯರಾದ ಸಂತ ಅಗಸ್ಟೀನರು ಗಿರಿಪ್ರವಚನಕ್ಕೆ ಬರೆದ ವ್ಯಾಖ್ಯಾನದಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸಿದ್ದಾರೆ. ಕೆಲವು ಲ್ಯಾಟಿನ್ ಪ್ರತಿಗಳಲ್ಲಿ ಈ ನಿಯಮದೊಳಗೆ ಒಳ್ಳೆಯದು ಎಂಬ ಪದವನ್ನು ಸೇರಿಸಿದ್ದರು. ಮೂಲ ಗ್ರೀಕ್ ಪಾಠದಲ್ಲಿ ಅದು ಇರಲಿಲ್ಲ. ಆ ಪದವಿಲ್ಲದೆಯೂ ಅರ್ಥ ಪೂರ್ಣವೆಂದು ಅಗಸ್ಟೀನರು ಹೇಳುತ್ತಾರೆ. ಏಕೆಂದರೆ ಅವರ ಮತದಲ್ಲಿ ಬಯಕೆ ಎಂಬ ಹೆಸರಿಗೆ ನಿಜವಾಗಿ ಅರ್ಹವಾದುದು ಒಳ್ಳೆಯದರ ಬಯಕೆಯೇ. ಹಾಗಾಗಿ ಕುಡುಕನು ತನಗೆ ಹೆಂಡ ಬೇಕೆಂದು ಗೆಳೆಯನಿಗೂ ಹೆಂಡ ಕುಡಿಸಿದರೆ ಅದು ಈ ನಿಯಮದ ಪಾಲನೆಯೆನಿಸದು.

ಇನ್ನು ಈ ನಿಯಮವನ್ನು ಕ್ರೈಸ್ತಧರ್ಮವು ಯಾವ ಅಡಿಗಲ್ಲಿನ ಮೇಲೆ ನಿಲ್ಲಿಸಿದೆಯೆಂಬುದನ್ನು ನೋಡೋಣ. ಮತ್ತಾಯನ ಪಾಠದಲ್ಲಿ ಈ ವಾಕ್ಯವು ಆದುದರಿಂದ ಎಂಬರ್ಥದ ಪದದೊಂದಿಗೆ ಆರಂಭವಾಗುತ್ತದೆ. ಯಾವುದರಿಂದ? ಅದರ ಹಿಂದಿನ ಮಾತುಗಳು ದೇವರ ಔದಾರ್ಯವನ್ನು ಕುರಿತವು. ಮಗನು ರೊಟ್ಟಿ ಕೇಳಿದರೆ ಯಾವ ತಂದೆಯೂ ಕಲ್ಲನ್ನು ಕೊಡುವುದಿಲ್ಲ. ಹಾಗಿರುವಾಗ ಪರಮ ಪಿತನು ಬೇಡಿದವರಿಗೆ ಒಳ್ಳೆಯದನ್ನೇ ಕೊಡುವನೆಂಬುದರಲ್ಲಿ ಸಂದೇಹವೇನು ಎಂಬುದು ಅಲ್ಲಿನ ಅಭಿಪ್ರಾಯ. ಬೇಡುವ ಮುನ್ನವೇ ಬಹಳವನ್ನು ಪಡೆದವರು ನಾವು, ಆದುದರಿಂದ ಕೊಡಬೇಕು. ಪರರು ನಮಗೆ ಹಿಂದಿರುಗಿಸುವರೆಂಬ ಜಾಣತನದ ಮೇಲೆ ಈ ನಿಯಮ ನಿಂತಿಲ್ಲ. ನಾವಾಗಲೇ ಋಣಿಗಳೆಂಬ ಅರಿವಿನ ಮೇಲೆ ನಿಂತಿದೆ.

ಈ ಋಣದ ಪ್ರಮಾಣವನ್ನು ಕ್ರಿಸ್ತರು ಒಂದು ಸಾಮತಿಯಲ್ಲಿ ಲೆಕ್ಕಹಾಕಿ ತೋರಿಸಿದ್ದಾರೆ. ಒಬ್ಬ ಸೇವಕನು ತನ್ನ ಅರಸನಿಗೆ 10,000 ತಲಾಂತು ಕೊಡಬೇಕಾಗಿತ್ತು. ಅವನು ಕಾಲಿಗೆ ಬಿದ್ದು ಬೇಡಿಕೊಂಡಾಗ ಅರಸನು ಕನಿಕರಿಸಿ ಸಾಲವನ್ನೆಲ್ಲ ಮನ್ನಾ ಮಾಡಿದನು. ಅದೇ ಸೇವಕನು ಹೊರಗೆ ಬಂದೊಡನೆ, ತನಗೆ 100 ದಿನಾರಿ ಕೊಡಬೇಕಾಗಿದ್ದ ಜೊತೆಯ ಸೇವಕನ ಕುತ್ತಿಗೆ ಹಿಡಿದು ಅವನನ್ನು ಸೆರೆಮನೆಗೆ ತಳ್ಳಿಸಿದನು. ಒಂದು ದಿನಾರಿ ಆ ಕಾಲದ ಒಬ್ಬ ಕೂಲಿಯಾಳಿನ ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಅಂದರೆ ಮನ್ನಾ ಆದುದು 6 ಕೋಟಿ ದಿನಗಳ ಕೂಲಿ. ಕುತ್ತಿಗೆ ಹಿಡಿದುದು 100 ದಿನಗಳ ಕೂಲಿಗಾಗಿ. ತಾನು ಪಡೆದುದನ್ನು ಮರೆತವನ ಕೈ ಇತರರ ಕುತ್ತಿಗೆಯನ್ನು ಹುಡುಕುತ್ತದೆ ಎಂಬುದು ಈ ಕಥೆಯ ಹುರುಳು.

ಇಷ್ಟು ತಿಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಎಲ್ಲಕ್ಕೂ ಕಠಿಣವಾದುದು ಅದೇ. ಪರರೆಂದರೆ ಯಾರು? ಲೂಕನ ಸುವಾರ್ತೆಯಲ್ಲಿ ಶಾಸ್ತ್ರಜ್ಞನೊಬ್ಬನು ತನ್ನ ನೆರೆಯವನು ಯಾರೆಂದು ಕ್ರಿಸ್ತರನ್ನು ಕೇಳುತ್ತಾನೆ. ಉತ್ತರವಾಗಿ ಅವರು ಹೇಳಿದ ಕಥೆ ಜಗತ್ತಿಗೆಲ್ಲ ಪರಿಚಿತ. ಯೆರೂಸಲೇಮಿನಿಂದ ಯೆರಿಕೋವಿಗೆ ಹೋಗುವ ದಾರಿ ಸುಮಾರು 25 ಕಿಲೋಮೀಟರುಗಳಲ್ಲಿ 1,000 ಮೀಟರಿನಷ್ಟು ಕೆಳಗಿಳಿಯುವ ಬರಡು ಬೆಟ್ಟಗಳ ದಾರಿ. ಆ ದಾರಿಯಲ್ಲಿ ಕಳ್ಳರಿಂದ ಪೆಟ್ಟು ತಿಂದು ಒಬ್ಬನು ಅರೆಜೀವವಾಗಿ ಬಿದ್ದಿದ್ದನು. ಪುರೋಹಿತನೊಬ್ಬನು ನೋಡಿ ಮಗ್ಗುಲಾಗಿ ಹೋದನು. ದೇವಾಲಯದ ಸೇವೆಗೆ ಸಂದ ಲೇವಿ ಕುಲದವನೂ ಹಾಗೆಯೇ ಹೋದನು. ಯೆಹೂದ್ಯರು ಹತ್ತಿರ ಸೇರಿಸದಿದ್ದ ಸಮಾರ್ಯದವನೊಬ್ಬನು ನಿಂತನು. ಗಾಯಕ್ಕೆ ಎಣ್ಣೆ ದ್ರಾಕ್ಷಾರಸಗಳನ್ನು ಹೊಯ್ದು ಕಟ್ಟಿದನು. ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಒಯ್ದು, ಛತ್ರದವನ ಕೈಗೆ ಎರಡು ದಿನಾರಿ ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೆರುವೆನೆಂದನು. ಕಥೆ ಮುಗಿಸಿ ಕ್ರಿಸ್ತರು ಪ್ರಶ್ನೆಯನ್ನೇ ತಿರುಗಿಸಿದರು. ಆ ಮೂವರಲ್ಲಿ ಗಾಯಾಳುವಿಗೆ ನೆರೆಯವನಾದವನು ಯಾರು ಎಂದು ಕೇಳಿದರು. ಶಾಸ್ತ್ರಜ್ಞನಿಗೆ ಸಮಾರ್ಯದವನೆಂಬ ಹೆಸರನ್ನು ನಾಲಗೆಯ ಮೇಲೆ ತಂದುಕೊಳ್ಳಲೂ ಆಗಲಿಲ್ಲ. ದಯೆ ತೋರಿದವನು ಎಂದಷ್ಟೇ ನುಡಿದನು. ನೆರೆಯವನು ಯಾರೆಂದು ಗೆರೆ ಎಳೆದು ನಿರ್ಣಯಿಸುವುದು ನಮ್ಮ ಕೆಲಸವಲ್ಲ, ನೆರೆಯವನಾಗುವುದು ನಮ್ಮ ಕೆಲಸವೆಂದು ಇದರಿಂದ ಸಿದ್ಧವಾಗುತ್ತದೆ.

ಕಥೆಯನ್ನು ಕೇಳಿ ತಲೆದೂಗುವುದು ಸುಲಭ. ಇದನ್ನು ನಿತ್ಯವೂ ಓದುತ್ತಿದ್ದ ಸಮಾಜಗಳೇ ಹೇಗೆ ನಡೆದುಕೊಂಡವೆಂಬುದಕ್ಕೆ ಅಮೆರಿಕದ ಇತಿಹಾಸದ ಒಂದು ಪ್ರಕರಣವನ್ನು ನೋಡಬಹುದು. ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ವೇಕರ್ ಪಂಥದವರು ಪುರೋಹಿತರಿಲ್ಲದೆ ಮೌನವಾಗಿ ಕೂಡಿ ಧ್ಯಾನಿಸುವವರು, ಪ್ರತಿಯೊಬ್ಬರ ಅಂತರಂಗದಲ್ಲಿಯೂ ದೈವೀ ಬೆಳಕಿದೆಯೆಂದು ನಂಬುವವರು. ತಮ್ಮ ನಂಬಿಕೆಗಾಗಿ ಸೆರೆಮನೆ ಕಂಡವರು. ಅವರಲ್ಲೊಬ್ಬನಾದ ವಿಲಿಯಂ ಪೆನ್ ಅಮೆರಿಕದಲ್ಲಿ ಪೆನ್ಸಿಲ್ವೇನಿಯಾ ಪ್ರಾಂತವನ್ನು ಸ್ಥಾಪಿಸಿದನು. ಇಷ್ಟಾದರೂ ಆ ಪ್ರಾಂತದ ಕ್ವೇಕರರಲ್ಲಿ ಹಲವರು ಆಫ್ರಿಕದಿಂದ ತಂದ ಕಪ್ಪುಜನರನ್ನು ಗುಲಾಮರಾಗಿ ಕೊಂಡು ದುಡಿಸಿಕೊಳ್ಳುತ್ತಿದ್ದರು. ಪೆನ್ ಕೂಡ ಗುಲಾಮರನ್ನು ಇಟ್ಟುಕೊಂಡಿದ್ದನು.

1688ರಲ್ಲಿ ಅಲ್ಲಿನ ಜರ್ಮನ್‌ಟೌನ್ ಎಂಬ ಊರಿನ ನಾಲ್ವರು ತಮ್ಮ ಪಂಥದ ಸಭೆಗೆ ಒಂದು ಮನವಿಯನ್ನು ಬರೆದರು. ಅವರಲ್ಲಿ ಫ್ರಾನ್ಸಿಸ್ ಡೇನಿಯಲ್ ಪಾಸ್ಟೋರಿಯಸ್ ಎಂಬುವನು ನ್ಯಾಯಶಾಸ್ತ್ರ ಕಲಿತ ವಿದ್ವಾಂಸ. ಆ ಊರಿನ ಮೊದಲ ನಿವಾಸಿಗಳಲ್ಲಿ ಬಹಳ ಮಂದಿ ನೇಯ್ಗೆಯ ಕಾಯಕದವರು. ಆ ಮನವಿಯ ಆಧಾರ ಸುವರ್ಣ ನಿಯಮವೇ. ಸಮುದ್ರಯಾನದಲ್ಲಿ ದೂರದಲ್ಲೊಂದು ಅಪರಿಚಿತ ಹಡಗು ಕಂಡರೆ, ತುರ್ಕರು ಬಂದು ತಮ್ಮನ್ನು ಹಿಡಿದು ಗುಲಾಮರನ್ನಾಗಿ ಮಾರಿಬಿಡುವರೇನೋ ಎಂದು ನಮ್ಮವರ ಎದೆ ಎಷ್ಟು ನಡುಗುತ್ತದೆ ಎಂಬುದನ್ನು ಅವರು ನೆನಪಿಸಿದರು. ತಮಗೆ ಅಷ್ಟು ಭಯಂಕರವಾದುದನ್ನು ತಾವೇ ಇತರರಿಗೆ ಮಾಡುತ್ತಿರುವುದು ಹೇಗೆ ಸರಿ ಎಂದು ಕೇಳಿದರು. ಈ ನಿಯಮಕ್ಕೆ ವಂಶ, ಕುಲ, ಮೈಬಣ್ಣಗಳ ಭೇದವಿಲ್ಲವೆಂದರು. ಮನುಷ್ಯನನ್ನು ಕದಿಯುವವನೂ ಕದ್ದ ಮನುಷ್ಯನನ್ನು ಕೊಳ್ಳುವವನೂ ಒಂದೇ ಎಂದು ಸಾರಿದರು.

ಮನವಿಗೆ ದೊರೆತ ಉತ್ತರವೇನು? ಮಾಸಿಕ ಸಭೆಯವರು ಇದು ಬಹು ಭಾರವಾದ ವಿಷಯವೆಂದು ತ್ರೈಮಾಸಿಕ ಸಭೆಗೆ ಕಳುಹಿದರು. ತ್ರೈಮಾಸಿಕ ಸಭೆಯವರೂ ಅದನ್ನು ನಿರ್ಣಯಿಸದೆ ವಾರ್ಷಿಕ ಸಭೆಗೆ ಸಾಗಿಸಿದರು. ವಾರ್ಷಿಕ ಸಭೆಯವರು ಇದಕ್ಕೆ ಇತರ ಅನೇಕ ಸಂಬಂಧಗಳಿರುವುದರಿಂದ ಖಚಿತ ತೀರ್ಪು ಕೊಡುವುದು ಯುಕ್ತವಲ್ಲವೆಂದು ಬದಿಗಿಟ್ಟರು. ಯಾರೂ ಸುವರ್ಣ ನಿಯಮವನ್ನು ಅಲ್ಲಗಳೆಯಲಿಲ್ಲ. ಮನವಿ ಬರೆದವರನ್ನು ದೂಷಿಸಲೂ ಇಲ್ಲ. ಒಪ್ಪಿದ ನಿಯಮವನ್ನು ಕಾಗದದ ಕಟ್ಟಿನೊಳಗೆ ಸೇರಿಸಿ ಸುಮ್ಮನಾದರು. ಆ ಕಾಗದ ಮತ್ತೆ ಬೆಳಕಿಗೆ ಬಂದುದು 1844ರಲ್ಲಿ.

ಆ ಮೌನವನ್ನು ಮುರಿದವರಲ್ಲಿ ಜಾನ್ ವುಲ್‌ಮನ್ (1720–1772) ಎಂಬ ದರ್ಜಿಯೂ ಒಬ್ಬರು. ಅವರು ಯುವಕರಾಗಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ, ಯಜಮಾನನು ಒಬ್ಬ ಗುಲಾಮ ಹೆಂಗಸಿನ ಕ್ರಯಪತ್ರವನ್ನು ಬರೆಯೆಂದನು. ಮನಸ್ಸು ಒಪ್ಪದಿದ್ದರೂ ವುಲ್‌ಮನ್ ಬರೆದುಕೊಟ್ಟರು. ಗುಲಾಮಗಿರಿಯು ಕ್ರೈಸ್ತಧರ್ಮಕ್ಕೆ ಸಲ್ಲದೆಂದು ಅಲ್ಲಿಯೇ ನುಡಿದರೂ ಬರೆದ ಕೈಯ ನೋವು ಅವರನ್ನು ಬಿಡಲಿಲ್ಲ. ಮುಂದೆ ಅಂತಹ ಪತ್ರಗಳನ್ನು ಬರೆಯಲು ಅವರು ಒಪ್ಪಲಿಲ್ಲ. 1754ರಲ್ಲಿ ಪ್ರಕಟಿಸಿದ ಪುಸ್ತಿಕೆಯಲ್ಲಿ ಅವರು ಓದುಗರಿಗೆ ಒಂದು ಕಲ್ಪನೆಯನ್ನು ಮಾಡಿಕೊಳ್ಳಲು ಹೇಳಿದರು. ನಾವೂ ನಮ್ಮ ಹಿರಿಯರೂ ತಲೆತಲಾಂತರದಿಂದ ಅಕ್ಷರವಿಲ್ಲದೆ, ಸತ್ಸಂಗವಿಲ್ಲದೆ, ಬಿಡುವಿಲ್ಲದ ದಾಸ್ಯದಲ್ಲಿ ಬೆಳೆದಿದ್ದರೆ ನಾವಿಂದು ಹೇಗಿರುತ್ತಿದ್ದೆವು ಎಂಬುದೇ ಆ ಕಲ್ಪನೆ. ಪರರ ಸ್ಥಾನದಲ್ಲಿ ನಿಲ್ಲುವುದೆಂದರೆ ಅವರ ಇಂದಿನ ಕಷ್ಟವನ್ನು ಮಾತ್ರವಲ್ಲ, ಅವರ ಹಿಂದಣ ತಲೆಮಾರುಗಳ ಕಷ್ಟವನ್ನೂ ಮನಸ್ಸಿನಲ್ಲಿ ಹೊರುವುದೆಂದು ಅವರು ಕಂಡುಕೊಂಡರು. ದಕ್ಷಿಣದ ಪ್ರಾಂತಗಳಲ್ಲಿ ಸಂಚರಿಸುವಾಗ ಗುಲಾಮರಿದ್ದ ಮನೆಗಳಲ್ಲಿ ಅತಿಥಿಯಾದರೆ ತಮಗೆ ಸೇವೆ ಮಾಡಿದವರಿಗೆ ಹಣ ಕೊಡುತ್ತಿದ್ದರು. ಬಿಟ್ಟಿ ಸೇವೆಯನ್ನು ಅವರು ಸತ್ಕಾರವೆಂದು ಭಾವಿಸಲಿಲ್ಲ. ಅವರು ಯಾರನ್ನೂ ಬಯ್ಯಲಿಲ್ಲ. ಮನೆಮನೆಗೆ ಹೋಗಿ ಸೌಮ್ಯವಾಗಿ ಕೇಳಿದರು. 1758ರಲ್ಲಿ ಫಿಲಡೆಲ್ಫಿಯಾದ ವಾರ್ಷಿಕ ಸಭೆಯು ಗುಲಾಮರನ್ನು ಕೊಂಡು ಮಾರುವ ಸದಸ್ಯರ ವಿರುದ್ಧ ನಿರ್ಣಯ ಮಾಡಿತು. 1776ರಲ್ಲಿ ಗುಲಾಮರನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು. ಮನವಿಯಿಂದ ನಿಷೇಧಕ್ಕೆ 88 ವರ್ಷಗಳು ಹಿಡಿದವು. ವುಲ್‌ಮನ್ ಅದನ್ನು ನೋಡಲು ಉಳಿದಿರಲಿಲ್ಲ.

ಈ ಇತಿಹಾಸವನ್ನು ಇಲ್ಲಿ ಬರೆದುದು ಕ್ರೈಸ್ತರ ದೋಷವನ್ನು ಎತ್ತಿತೋರಿಸಿ ನಾವು ಬೆನ್ನು ತಟ್ಟಿಕೊಳ್ಳುವುದಕ್ಕಲ್ಲ. ತಮ್ಮ ದೋಷವನ್ನು ತಮ್ಮ ಧರ್ಮದ ಮಾತಿನಿಂದಲೇ ತಿದ್ದಿಕೊಂಡವರ ಕಥೆಯಿದು. ಇದರಲ್ಲಿ ನಮಗೆ ಪಾಠವಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಇದೇ ಪ್ರಶ್ನೆಯನ್ನು ಎದುರಿಸಿದರು. ಮಂತ್ರಿಪದವಿಯಲ್ಲಿದ್ದ ಬಸವಣ್ಣನವರು, ಮಾದಾರ ಚೆನ್ನಯ್ಯ ಡೋಹರ ಕಕ್ಕಯ್ಯನವರ ಮನೆಗಳ ಆಳುಮಕ್ಕಳಿಗೆ ಹುಟ್ಟಿದವನು ತಾನೆಂದು ವಚನದಲ್ಲಿ ಹೇಳಿಕೊಂಡರು. ಪರರ ಸ್ಥಾನದಲ್ಲಿ ನಿಂತು ನೋಡುವುದಷ್ಟೇ ಅಲ್ಲ, ಆ ಮನೆಯ ಮಗನೇ ಆಗಿಬಿಡುವುದು ಅವರ ರೀತಿ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣಮೂಲದ ಮಧುವರಸರ ಮಗಳಿಗೂ ಆದ ವಿವಾಹವನ್ನೂ, ಅದಕ್ಕಾಗಿ ತಂದೆಯರು ತೆತ್ತ ಪ್ರಾಣವನ್ನೂ ನಮ್ಮ ಪರಂಪರೆ ಇಂದಿಗೂ ಕಣ್ಣೀರಿನಿಂದ ನೆನೆಯುತ್ತದೆ. ಕ್ರೈಸ್ತನು ದೇವರಿಂದ ಪಡೆದ ಋಣದ ಅರಿವಿನಿಂದ ನೆರೆಯವನ ಕಡೆಗೆ ತಿರುಗುತ್ತಾನೆ. ಶರಣನು ತನ್ನ ಕರಸ್ಥಲದ ಲಿಂಗವನ್ನೇ ಎದುರಿನವನಲ್ಲಿಯೂ ಕಂಡು ಅವನಿಗೆ ಬಾಗುತ್ತಾನೆ. ದಾರಿಗಳು ಬೇರೆ, ಎರಡನ್ನೂ ಒಂದೇ ಎಂದು ಅವಸರದಿಂದ ಹೇಳಬೇಕಾಗಿಲ್ಲ. ಎರಡು ದಾರಿಗಳೂ ಎದುರಿಗಿರುವ ಮನುಷ್ಯನ ಹೊಸ್ತಿಲಿಗೆ ಬಂದು ಮುಟ್ಟುತ್ತವೆಂಬುದಂತೂ ನಿಶ್ಚಯ.

ಆ ಹೊಸ್ತಿಲಲ್ಲಿ ನಾವು ಏನು ಮಾಡುತ್ತಿದ್ದೇವೆ? ಬಸವ ಜಯಂತಿಯಂದು ಹರಳಯ್ಯನವರ ಹೆಸರನ್ನು ಭಕ್ತಿಯಿಂದ ಉಚ್ಚರಿಸುತ್ತೇವೆ. ಮರುದಿನ ಮನೆಯನ್ನು ಬಾಡಿಗೆಗೆ ಕೊಡುವಾಗ ಬಂದವನ ಕುಲವನ್ನು ಸುತ್ತುಬಳಸಿ ವಿಚಾರಿಸುತ್ತೇವೆ. ಹೊಲದಲ್ಲಿ ಬೆವರು ಸುರಿಸಿದ ಆಳಿಗೆ ಚಹಾ ಕೊಡುವಾಗ ಬೇರೆ ಲೋಟವನ್ನು ಹುಡುಕುವ ಕೈಗಳು ಇನ್ನೂ ಇವೆ. ಮಕ್ಕಳ ವಿವಾಹದ ಮಾತು ಬಂದಾಗ ಒಳಪಂಗಡಗಳ ಲೆಕ್ಕ ತೆಗೆಯುತ್ತೇವೆ. ಯಾರಾದರೂ ಈ ಮಾತನ್ನು ಸಭೆಯಲ್ಲಿ ಎತ್ತಿದರೆ, ಶರಣತತ್ತ್ವವನ್ನು ಅಲ್ಲಗಳೆಯುವವರು ಒಬ್ಬರೂ ಇಲ್ಲ. ವಿಷಯ ಬಹು ಭಾರವಾದುದು, ಕಾಲ ಪಕ್ವವಾಗಬೇಕು, ಹಿರಿಯರು ನಿರ್ಣಯಿಸಲಿ ಎಂದು ಮುಂದಿನ ಸಭೆಗೆ ಸಾಗಿಸುತ್ತೇವೆ. 1688ರ ಆ ಮೂರು ಸಭೆಗಳಿಗೂ ನಮ್ಮ ಸಭೆಗಳಿಗೂ ಇರುವ ಸಾಮ್ಯವನ್ನು ನೆನೆದಾಗ ನಾಚಿಕೆಯಾಗುತ್ತದೆ.

ಈ ಪತ್ರಿಕೆಯ ಓದುಗರಲ್ಲಿ ಬಹುಮಂದಿ ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರು. ಹಸಿದು ಬಂದ ಹಳ್ಳಿಯ ಹುಡುಗನಿಗೆ ಅಂದು ಎಲೆ ಹಾಕಿದವರು, ಇವನು ಮುಂದೆ ನಮಗೇನು ಹಿಂದಿರುಗಿಸುವನೆಂದು ಲೆಕ್ಕ ಹಾಕಲಿಲ್ಲ. ಆ ಧಾನ್ಯವನ್ನು ಕೊಟ್ಟ ರೈತನ ಹೆಸರು ನಮಗೆ ತಿಳಿಯದು. ಅವನಿಗೆ ನಾವು ಮುಯ್ಯಿ ತೀರಿಸುವಂತೆಯೂ ಇಲ್ಲ. ಪಡೆದವನು ಕೊಡಬೇಕೆಂಬ ಕ್ರಿಸ್ತರ ಮಾತಿನ ಅರ್ಥ ನಮ್ಮ ಹೊಟ್ಟೆಗೇ ಗೊತ್ತಿದೆ. ಕೊಟ್ಟವನಿಗೆ ಹಿಂದಿರುಗಿಸಲಾಗದ ಋಣವನ್ನು ಇನ್ನೂ ಪಡೆಯದವನಿಗೆ ತೀರಿಸಬೇಕು.

ಸುವರ್ಣ ನಿಯಮವನ್ನು ಬಲ್ಲೆವೋ ಇಲ್ಲವೋ ಎಂಬುದು ನಮ್ಮ ಪರೀಕ್ಷೆಯಲ್ಲ. ಅದನ್ನು ಎಲ್ಲರೂ ಬಲ್ಲರು. ಪರರೆಂಬ ಸ್ಥಾನದಲ್ಲಿ ನಾವು ಯಾರನ್ನು ಕೂರಿಸಿಕೊಂಡಿದ್ದೇವೆ, ಯಾರನ್ನು ಹೊರಗೆ ನಿಲ್ಲಿಸಿದ್ದೇವೆ ಎಂಬುದು ಪರೀಕ್ಷೆ. ಬಂಧುಮಿತ್ರರನ್ನು ಮಾತ್ರ ಅಲ್ಲಿ ಕೂರಿಸಿಕೊಂಡರೆ ಅದು ಮುಯ್ಯಿಯ ಪುಸ್ತಕವಾಗುತ್ತದೆ. ಹೊರಗೆ ನಿಂತವನನ್ನು ಕೈಹಿಡಿದು ಒಳಗೆ ಕರೆತಂದ ದಿನ ಅದು ಧರ್ಮವಾಗುತ್ತದೆ. ಅದಕ್ಕೆ ಯಾವ ಸಭೆಯ ನಿರ್ಣಯವೂ ಬೇಕಿಲ್ಲ. ಒಬ್ಬ ದರ್ಜಿ ಒಂದು ಕ್ರಯಪತ್ರವನ್ನು ಬರೆಯಲೊಲ್ಲೆನೆಂದನು. ನಾವು ಇಂದು ನಮ್ಮ ಮನೆಯ ಬೇರೆ ಲೋಟವನ್ನು ತೆಗೆದುಹಾಕಬಹುದು. ಆರಂಭಕ್ಕೆ ಅಷ್ಟು ಸಾಕು.